ಬಾಟ್ಲಿ ಕಾಲು, ಶಹಾಬಾದ್ ಫರಸಿ: ಅಂಗಳಕ್ಕ ಒಂದು ಗಟ್ಟಿ ಬೆಂಚು

ಬಾಟ್ಲಿಯಿಂದ ಲ್ಯಾಂಪು, ಹೂದಾನಿ ಮಾಡೋದು ಎಲ್ಲಾರೂ ನೋಡೀರಿ, ಆದ್ರ ಮಂದಿ ಕೂಡ್ಲಾಕ ಬೆಂಚೇ ಮಾಡಬಹುದು ನೋಡ್ರಿ, ಅದ್ರಾಗೂ ಕಲಬುರಗಿ ಕಡೆ ಇನ್ನೂ ಸಲೀಸು ಯಾಕಂದ್ರ ಮ್ಯಾಲ ಹಾಸ್ಲಾಕ ಶಹಾಬಾದ್ ಫರಸಿ, ಅಂದ್ರ ಹಾಸು ಕಲ್ಲು, ಇಲ್ಲೇ ಸಿಗ್ತದ.

ಗುಜರಿ ಅಂಗಡ್ಯಾಗ ಒಂದೇ ಅಳತಿ 650 ಎಂಎಲ್ ಬೀರ್ ಬಾಟ್ಲಿ 24 ಆರಿಸ್ಕೊಳ್ರಿ, ಸಣ್ಣ ಬಿರುಕು ಇದ್ರೂ ಬ್ಯಾಡ. ವಾಷಿಂಗ್ ಸೋಡಾ ಹಾಕಿದ ನೀರಾಗ ರಾತ್ರಿ ನೆನಸಿದ್ರ ಲೇಬಲ್ ಬಿಡ್ತದ. ಒಳಗ ಪೂರಾ ಒಣಗಿಸಿ ಬಾಯಿ ಬಂದ್ ಮಾಡ್ರಿ. ಫರಸಿ 4 ಫೂಟ್ ಉದ್ದ, ಒಂದೂಕಾಲು ಫೂಟ್ ಅಗಲ, ಒಂದೂವರೆ ಇಂಚು ದಪ್ಪ ಇರ್ಲಿ.

ಎಲ್ಲಕ್ಕಿಂತ ಮುಖ್ಯ ತಳ. ನಮ್ಮ ಎರಿ (ಕಪ್ಪು) ಮಣ್ಣು ಮಳಿಗಾಲದಾಗ ಉಬ್ತದ, ಬ್ಯಾಸಗ್ಯಾಗ ಬಿರಿತದ, ಅದ್ರ ಮ್ಯಾಲ ಸೀದಾ ಕಟ್ಟಿದ್ರ ಕಾಲು ವಾಲೋದು ಗ್ಯಾರಂಟಿ, ಅದಕ್ಕ ಒಂದು ಫೂಟ್ ಅಗದು ಆ ಮಣ್ಣು ತಗದು ಮುರುಮ್ (ಗರಸು ಮಣ್ಣು) ತುಂಬಿ, ನೀರು ಹೊಡದು ಹೊಡದು ಕುಟ್ಟಿ ದಮ್ಮಸ್ ಮಾಡಿ, ಮ್ಯಾಲ 3 ಇಂಚು ಕಾಂಕ್ರೀಟ್ ಹಾಕ್ರಿ.

ಗಾಜು ಭಾರ ಭಾಳ ತಡೀತದ, ಆದ್ರ ಒಂದೇ ಚುಕ್ಕಿ ಮ್ಯಾಲ ಒತ್ತಡ ಬಿದ್ರ ಒಡೀತದ. ಬಾಟ್ಲಿಗೆ ಬಾಟ್ಲಿ ತಾಗಬಾರ್ದು, ಕಲ್ಲಿಗೂ ತಾಗಬಾರ್ದು, ಸುತ್ತ ಒಂದು ಇಂಚು ಮಾಲು ಇರ್ಲೇಬೇಕು. ಮಾಲಿಗೆ ಸಿಮೆಂಟ್ 1, ಉಸುಕು 4, ನೀರು ಕಮ್ಮಿ. ಇಟ್ಟಂಗಿ ನೀರು ಹೀರ್ತದ, ಗಾಜು ಹೀರಲ್ಲ, ಮಾಲು ತೆಳ್ಳಗಾದ್ರ ಬಾಟ್ಲಿ ಜಾರಿ ಕುಂದರ್ತಾವ. ಬಾಟ್ಲಿ ಅಡ್ಡ ಮಲಗಿಸಿ, ಒಂದರ ತಳ ಮುಂದ, ಪಕ್ಕದ್ದರ ಬಾಯಿ ಮುಂದ, ಹಿಂಗ ಅದಲು ಬದಲು ಇಡ್ರಿ. ಕುತ್ಗಿ ಸುತ್ತ ಉಳಿಯೋ ಸಂದಿನಾಗ ಮಾಲಿನ ಜೊತಿ ಸಣ್ಣ ಕಲ್ಲಿನ ಚೂರು ತುಂಬ್ರಿ, ಅವೂ ಗಾಜಿಗೆ ತಾಗದಂಗ. ಸಾಲಿಗೆ 3, ಒಟ್ಟು 4 ಸಾಲು, ಒಂದು ಕಾಲಿಗೆ 12. ದಿನಕ್ಕ ಎರಡೇ ಸಾಲು, ಅವಸರ ಬ್ಯಾಡ. ಪ್ರತಿ ಸಾಲು ಲೆವೆಲ್ ನೋಡ್ರಿ.

ಎರಡೂ ಕಾಲು ಫರಸಿ ತುದಿಯಿಂದ 3 ಇಂಚು ಒಳಗ ಬರಂಗ ಕಟ್ಟಿದ್ರ ನಡುವ ಸುಮಾರು ಒಂದೂವರೆ ಫೂಟ್ ಉಳೀತದ, ಸಾಕು. ಗೋಣಿ ತಟ್ಟು ಹಸಿ ಮಾಡಿ ಹೊದಿಸಿ 7 ದಿನ ನೀರು ಹಾಕ್ರಿ, ನಮ್ಮ ಬಿಸಲಿಗೆ ದಿನಕ್ಕ ಮೂರು ಸಲಾನರ ಬೇಕು. ಆಮ್ಯಾಲ ಒಂದು ಇಂಚು ಮಾಲು ಹಾಕಿ ಫರಸಿ ಇಡ್ರಿ. ಅದು 40 ಕೆಜಿ ಮ್ಯಾಲೇ ತೂಗ್ತದ, ಮೂರು ಮಂದಿ ಸೇರಿ ಎತ್ತಿ ಮೆಲ್ಲಕ ಇಳಸ್ರಿ, ಧಪ್ ಅಂತ ಬಿಡಬ್ಯಾಡ್ರಿ. ಇನ್ನೊಂದು ವಾರ ಯಾರನ್ನೂ ಕೂಡ್ಸಬ್ಯಾಡ್ರಿ, ಹುಡುಗ್ರು ಹತ್ತದಂಗ ನೋಡ್ಕೊಳ್ರಿ.