ಟೋಪಿ ನೆತ್ತಿ ಬಿಚ್ಚಬಾರ್ದಂದ್ರ ಹಿಂಗ ಮಾಡ್ರಿ

ನಮ್ಮ ಬೀದರದಾಗ ದೀಪಾವಳಿ ಮುಗೀತಂದ್ರ ಥಂಡಿ ಸುರು ಆಗ್ತದ, ಎಳ್ಳ ಅಮಾಸಿಗಿ ನಸುಕಿನ್ಯಾಗ ಬುತ್ತಿ ಕಟ್ಕೊಂಡು ಹೊಲಕ್ಕ ಹೊಂಟ್ರ ಕಿವಿ ಕಿತ್ತು ಬಂದಂಗ ಆಗ್ತದ, ಊರು ಎತ್ತರದ ಮ್ಯಾಲ ಅದ ನೋಡ್ರಿ, ಬಯಲ ಗಾಳಿ ಸೀದಾ ಬಂದು ಬಡೀತದ. ಅದಕ್ಕ ಈ ದಿನದಾಗ ನಮ್ಮ ಓಣ್ಯಾಗ ಸಲಾಯಿ, ಅಂದ್ರ ಹೆಣಿಯೋ ಕಡ್ಡಿ, ಹಿಡ್ಕೊಂಡು ಕಟ್ಟಿ ಮ್ಯಾಲ ಕೂಡೋರು ಜಾಸ್ತಿ. ಹೋದ ವಾರ ಬಾಜೂ ಮನಿ ಹುಡುಗಿ ಒಂದ್ ಕೆಂಪು ಟೋಪಿ ತಗೊಂಡ್ ಬಂದ್ಳು, "ಆಯಿ, ಎಂಟ್ ದಿನ ಕೂತು ಹೆಣದೀನ್ರಿ, ಒಂದೇ ಸಲ ತೊಳದೀನಿ, ನೆತ್ತಿ ಬಿಚ್ಚಿ ಹೋಗ್ಯದ ನೋಡ್ರಿ" ಅಂತ ಕಣ್ಣಾಗ ನೀರು ತಂದ್ಕೊಂಡಿದ್ಳು. ತಿರಗಿಸಿ ನೋಡಿದ್ರ ಹೆಣಿಕಿ ಛಲೋ ಅದ, ಅಂಚು ಛಲೋ ಅದ, ಎಲ್ಲಾ ಬರೋಬ್ಬರಿ, ಆದ್ರ ಮ್ಯಾಲ ಕೊನಿಗಿ ಉಳದ ಕುಣಿಕಿಗಳಿಗಿ ದಾರ ಪೋಣಿಸಿ ಒಂದ್ ಸಲ ಜಗ್ಗಿ ಒಂದ್ ಗಂಟು ಹಾಕಿ ಗಂಟಿನ ಬುಡಕ್ಕೇ ಕತ್ತರಿಸಿಬಿಟ್ಟಾಳ. ಅಷ್ಟು ಕೆಲಸ ಮಾಡಿ ಕಡೀ ಹತ್ತು ನಿಮಿಷದಾಗ ಅವಸರ ಮಾಡಿದ್ದು ಅದು.

ಈ ತಪ್ಪು ನಾನೂ ಮಾಡೀನಿ. ಲಗ್ನ ಆಗೋಕಿಂತ ಮುಂಚೆ ನನ್ನ ತಮ್ಮಗ ಒಂದ್ ಟೋಪಿ ಹಾಕಿದ್ದೆ, ಅವ ಹೊಲದಾಗ ಜ್ವಾಳ ಕಾಯಲಾಕ ಅದನ್ನೇ ಹಾಕ್ಕೊಂಡು ಹೋಗ್ತಿದ್ದ, ಒಂದ್ ದಿನ ಗಂಟು ಜಾರಿ ಒಂದ್ ಕುಣಿಕಿ ತಪ್ಪಿತು, ಅದರ ಹಿಂದ ಇನ್ನೊಂದು, ಸಂಜಿಗಿ ಮನಿಗಿ ಬರೋಷ್ಟರಾಗ ನೆತ್ತಿಯಿಂದ ಹಣಿ ತನಕ ಏಣಿ ಇಟ್ಟಂಗ ಇಳದಿತ್ತು. ಅವ ಏನೂ ಅನ್ಲಿಲ್ಲ, ಆದ್ರ ನನಗ ಭಾಳ ದಿನ ಮನಸ್ಸಿಗಿ ಹತ್ತಿತ್ತು. ಅವತ್ತಿಂದ ನಾ ನೆತ್ತಿ ಮುಚ್ಚೋದನ್ನ ಬ್ಯಾರೆ ಕೆಲಸ ಅಂತ ತಿಳ್ಕೊಂಡು ಸಾವಕಾಶ ಕೂತು ಮಾಡ್ತೀನಿ.

ಮೊದಲ ಒಂದ್ ಮಾತು, ಗಂಟಿನ ಮ್ಯಾಲ ಭರವಸಾ ಇಡಬ್ಯಾಡ್ರಿ. ಈಗ ಪ್ಯಾಟ್ಯಾಗ ನಮಗ ಸಿಗೋ ದಾರ ಹೆಚ್ಚಾಗಿ ಅಕ್ರಿಲಿಕ್, ಅಂದ್ರ ಕೃತಕ ದಾರ, ನುಣ್ಣಗ ಇರ್ತದ, ಗಂಟು ಹಾಕಿದ್ರ ತೊಳದಂಗೆಲ್ಲ ಜಾರ್ತದ. ಕುರಿ ಉಣ್ಣಿ ಹಂಗಲ್ಲ, ನಮ್ಮ ಕಡಿ ಕುರುಬರು ಕಂಬಳಿ ನೇಯೋ ಡೆಕ್ಕನಿ ಕುರಿ ಉಣ್ಣಿ ಮುಟ್ಟಿ ನೋಡ್ರಿ, ಒರಟು, ಎಳಿ ಎಳಿಗೂ ಸಣ್ಣ ಪೊರಿ ಇರ್ತಾವ, ಅದು ನೀರು ಬಿದ್ದು ತಿಕ್ಕಿದಷ್ಟು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ಆಗ್ತದ. ಅಕ್ರಿಲಿಕ್‌ಗ ಆ ಹಿಡಿತ ಇಲ್ಲ, ಅದಕ್ಕ ನಾವೇ ದಾರನ ಸುತ್ತಿ ತಿರಗಿಸಿ ಒಳಗ ಸಿಗಿಸಬೇಕಾಗ್ತದ.

ಇನ್ನ ನೆತ್ತಿ ಮುಚ್ಚೋಕಿಂತ ಮುಂಚೆ ಸಲಾಯಿ ಮ್ಯಾಲ ಎಷ್ಟು ಕುಣಿಕಿ ಉಳದಾವ ಅಂತ ಎಣಸ್ರಿ. ನಾ ದೊಡ್ಡೋರ ಟೋಪಿಗಿ 8 ನಂಬರ್ ಸಲಾಯಿಗಿ 96 ಕುಣಿಕಿ ಹಾಕ್ತೀನಿ, ಬಾಜೂ ಹೊಲಿಗಿಗಿ 2 ಹೆಚ್ಚಿಗಿ. ಆ 96ನ್ನ 8 ಪಾಲು ಮಾಡಿದ್ರ ಪಾಲಿಗಿ 12 ಆಯ್ತು, ಪ್ರತಿ ಪಾಲಿನಾಗ 2 ಕೂಡಿಸಿ 1 ಮಾಡಿದ್ರ ಒಂದ್ ಸಾಲಿಗಿ 8 ಕಮ್ಮಿ ಆಗ್ತಾವ, ಮೊದಮೊದಲ ಒಂದ್ ಸಾಲು ಬಿಟ್ಟು ಒಂದ್ ಸಾಲು ಕಮ್ಮಿ ಮಾಡ್ರಿ, ಕೊನಿಗಿ ಪ್ರತಿ ಸೀದಾ ಸಾಲಿಗೂ ಉಲ್ಟಾ ಸಾಲಿಗೂ ಕಮ್ಮಿ ಮಾಡ್ಕೋತ ಹೋದ್ರ 11 ಸಲ ಕಮ್ಮಿ ಮಾಡೋಷ್ಟರಾಗ 8 ಉಳೀತಾವ, ಹೊಲಿಗಿವು ಸೇರಿ 10. ಅಷ್ಟಿದ್ರ ನೆತ್ತಿ ಸಣ್ಣಗ, ಚಂದಾಗಿ ಮುಚ್ಚತದ. ಕೆಲವ್ರು 24, 30 ಉಳದಾಗೇ ಸಾಕಾಗ್ಯದ ಅಂತ ಜಗ್ಗಿಬಿಡ್ತಾರ, ಹಂಗ ಮಾಡಿದ್ರ ಚೀಲದ ಬಾಯಿ ಕಟ್ಟಿದಂಗ ಮ್ಯಾಲ ನೆರಿಗಿ ಗುಂಪಾಗಿ ನಿಲ್ತದ, ನಡಬರ್ಕ ತೂತೂ ಉಳೀತದ. 16 ಉಳದಿದ್ರೂ ಇನ್ನೊಂದ್ ಸಾಲು ಎರಡೆರಡು ಕೂಡಿಸಿ 8ಕ್ಕ ಇಳಿಸ್ರಿ, ಐದ್ ನಿಮಿಷದ ಕೆಲಸ. ಮತ್ತ ನೆತ್ತಿ ಕುಣಿಕಿಗಳನ್ನ ಅಂಚು ಮುಗಿಸಿದಂಗ ಒಂದರ ಮ್ಯಾಲ ಒಂದು ದಾಟಿಸಿ ಬಂದ್ ಮಾಡಿ ಆಮ್ಯಾಲ ಹೊಲೀಬ್ಯಾಡ್ರಿ, ದಪ್ಪ ಗೆರಿ ಬರ್ತದ, ತಲಿಗಿ ಒತ್ತತದ. ಕುಣಿಕಿ ಬಂದ್ ಆಗದೇ ಸಲಾಯಿ ಮ್ಯಾಲ ಇದ್ದಾಗೇ ಅದರೊಳಗ ದಾರ ಹೋಗಬೇಕು.

ದಾರ ಕತ್ತರಿಸಾಗ ಜಿಪುಣತನ ಬ್ಯಾಡ. ಗುಂಡಗ ಹೆಣದ ಟೋಪಿ ಆದ್ರ ಒಂದ್ ದೊಡ್ಡ ಗೇಣು ಬಾಲ ಬಿಟ್ರ ಸಾಕು, ನಮ್ಮಂಗ ಎರಡ್ ಸಲಾಯಿ ಮ್ಯಾಲ ಚಾಪಿ ಹೆಣದಂಗ ಹೆಣದು ಆಮ್ಯಾಲ ಬಾಜೂ ಹೊಲಿಯೋರು ಒಂದೂವರಿ ಮೊಳ ಬಿಡ್ರಿ, ಅದೇ ದಾರದಾಗ ನೆತ್ತಿ ಮುಚ್ಚಿ ಹಂಗೇ ಕೆಳಗ ಅಂಚಿನ ತನಕ ಹೊಲ್ಕೊಂಡು ಹೋಗಬಹುದು, ನಡಬರ್ಕ ಹೊಸ ದಾರ ಕಟ್ಟೋ ಗರಜಿಲ್ಲ. ಸೂಜಿ ಮೊಂಡ ಮೂತಿದು, ದೊಡ್ಡ ಕಣ್ಣಿನದು ಬೇಕು. ಚೂಪು ಸೂಜಿ ಅಥವಾ ಗೋಣಿಚೀಲ ಹೊಲಿಯೋ ದಬ್ಬಣ ತಗೊಂಡ್ರ ಕುಣಿಕಿ ಒಳಗ ಹೋಗೋ ಬದಲಿ ದಾರನೇ ಸೀಳಿ ಹೋಗ್ತದ, ಆಮ್ಯಾಲ ಎಷ್ಟು ಜಗ್ಗಿದ್ರೂ ಬಿಗಿಯಂಗಿಲ್ಲ, ಅಲ್ಲೇ ಸಿಕ್ಕೊಂಡಿರ್ತದ.

ಮುಂದಿನ ಸಾಲು ಹೆಣಿಯೋದಿದ್ರ ಯಾವ ಕುಣಿಕಿಯಿಂದ ಸುರು ಮಾಡ್ತಿದ್ರೋ ಅಲ್ಲಿಂದೇ ಸೂಜಿ ಹಾಕ್ರಿ, ಬಲಗಡಿಂದ ಎಡಗಡಿಗಿ, ಕುಣಿಕಿ ತಿರುಚಬಾರ್ದು. ಸಲಾಯಿ ತೆಗೀಬ್ಯಾಡ್ರಿ ಇನ್ನ, ಎಲ್ಲಾ ಕುಣಿಕಿ ಒಳಗ ದಾರ ಹೋಗಿ ಬಂತು ಅಂತ ಮತ್ತೊಮ್ಮಿ ಎಣಿಸಿ ಆಮ್ಯಾಲ ಸಲಾಯಿ ಎಳೀರಿ. ಈಗ ಅರ್ಧ ಜಗ್ಗಿ ಬಿಡ್ರಿ, ಪೂರ್ತಿ ಬ್ಯಾಡ. ಅದೇ ದಿಕ್ಕಿನಾಗ ಮತ್ತ ಮೊದಲ ಕುಣಿಕಿಯಿಂದ ಹಿಡದು ಎರಡನೇ ಸುತ್ತು ಹಾಕ್ರಿ. ಈ ಎರಡನೇ ಸುತ್ತೇ ಟೋಪಿ ಕಾಯೋದು, ಯಾಕಂದ್ರ ಒಂದ್ ದಾರ ಎಂದರ ಸವದು ಹರದ್ರೂ ಇನ್ನೊಂದು ಕುಣಿಕಿಗಳನ್ನ ಹಿಡ್ಕೊಂಡಿರ್ತದ, ಮತ್ತ ಎರಡ್ ಎಳಿ ಒಂದಕ್ಕೊಂದು ಒತ್ತಿಕೊಂಡು ಹಿಂದ ಜಾರಂಗಿಲ್ಲ. ಆಮ್ಯಾಲ ಸಾವಕಾಶ ಜಗ್ರಿ, ಒಮ್ಮಿಗೇ ಮ್ಯಾಲಕ್ಕ ಝಟಕಾ ಕೊಟ್ರ ದಾರ ಪಟ್ ಅಂತ ಹರೀತದ, ಸೂಜಿ ತುದಿಲಿಂದ ಒಂದೊಂದೇ ಕುಣಿಕಿ ಹತ್ರ ಸಡಲಿದ್ದ ದಾರ ಮುಂದಕ್ಕ ತಳ್ಕೋತ ಜಗ್ರಿ. ತಿರುವು ಕಮ್ಮಿ ಇರೋ ಒಂದೆಳಿ ಮೆತ್ತನ ದಾರ ಇದ್ರ ಅದರ ಜೋಡಿ ಅದೇ ಬಣ್ಣದ ಹೊಲಿಗಿ ನೂಲು ಎರಡೆಳಿ ಸೇರಿಸಿ ಪೋಣಿಸ್ರಿ, ಜಗ್ಗೋ ಭಾರ ನೂಲು ತಡಕೋತದ.

ತೂತು ಮುಚ್ಚಿತು ಅಂದ್ಮ್ಯಾಲ ಸೂಜಿನ ಆ ನಡು ತೂತಿನಾಗೇ ಒಳಗ ಇಳಿಸಿ ಟೋಪಿ ಉಲ್ಟಾ ಮಾಡ್ರಿ. ಒಳಗ ನೆತ್ತಿ ಸುತ್ತ ಉಬ್ಬುಬ್ಬಾಗಿ ಉಂಗುರದಂಗ ಕಾಣತದ, ಅದರಾಗ ಒಂದ್ ಹೊಲಿಗಿ ಹಿಂದಕ್ಕ ಹಾಕಿ, ದಾರ ಪೂರ್ತಿ ಜಗ್ಗೋಕಿಂತ ಮುಂಚೆ ಆ ಹೊಲಿಗಿ ದಾರದ ಕುಣಿಕಿನಾಗ ಸೂಜಿ ಎರಡ್ ಸಲ ಹಾಯಿಸಿ ಬಿಗೀರಿ, ಈ ಗಂಟು ಬರೇ ಸಹಾಯಕ್ಕ ಅಷ್ಟೇ. ಆಮ್ಯಾಲ ಉಂಗುರದ ಉಬ್ಬುಗಳ ಕೆಳಗ ಒಂದ್ ಸುತ್ತು ಬರ್ರಿ, ಅಲ್ಲಿಂದ ಸೀದಾ ಕೆಳಗ ಎರಡ್ ಇಂಚು ಇಳೀರಿ, ಮತ್ತ ತಿರುಗಿ ಮ್ಯಾಲ ಬರ್ರಿ, ಬರೋವಾಗ ಹೋದ ದಾರದ ಎಳಿನ ಸೀಳ್ಕೊಂಡು ಬರ್ರಿ, ಇಲ್ಲಿ ಸೀಳೋದು ಬೇಕು, ಕುಣಿಕಿ ಪೋಣಿಸಾಗ ಬ್ಯಾಡ ಅಂದಿದ್ದೆ. ಒಂದೇ ದಿಕ್ಕಿನಾಗ ಹೋದ ದಾರ ಟೋಪಿ ಎಳದಾಗ ಅದೇ ಹಾದಿ ಹಿಡದು ಹೊರಗ ಬರ್ತದ, ಮೂರ್ ದಿಕ್ಕಿಗಿ ತಿರುಗಿದ ದಾರಕ್ಕ ಹಾದಿ ಸಿಗಂಗಿಲ್ಲ. ಕತ್ತರಿ ಹಾಕೋಕಿಂತ ಮುಂಚೆ ಟೋಪಿನ ಎರಡೂ ಕೈಲೆ ಅಗಲ ಎಳದು ಬಿಡ್ರಿ, ದಾರ ತನ್ನ ಜಾಗಕ್ಕ ಕೂಡ್ತದ, ಆಮ್ಯಾಲ ಕಾಲಿಂಚು ಬಿಟ್ಟು ಕತ್ತರಿಸ್ರಿ.

ಬಾಲದ ತುದಿಗಿ ಬೆಂಕಿ ಕಡ್ಡಿ ತಾಗಿಸೋರು ಇದ್ದಾರ, ಲಾಡಿ ತುದಿ ಸುಟ್ಟಂಗ. ಅಕ್ರಿಲಿಕ್ ಕರಗಿ ಕಲ್ಲಿನಂಗ ಬಿರುಸು ಮಣಿ ಆಗ್ತದ, ತಲಿ ಚುಚ್ಚತದ, ಬೆಂಕಿ ಹತ್ತಿದ್ರ ಕೆಲಸನೇ ಹೋಗ್ತದ. ದಯಮಾಡಿ ಮಾಡಬ್ಯಾಡ್ರಿ. ಕೂಸಿನ ಕುಲಾಯಿಗಿ ಅಂತೂ ನಾ ಗಂಟು ಹಾಕೋದೇ ಇಲ್ಲ, ಕೂಸಿನ ನೆತ್ತಿ ಇನ್ನ ಮೆತ್ತಗ ಇರ್ತದ, ಸರಿಯಾಗಿ ಅದರ ಮ್ಯಾಲೇ ಗಂಟು ಕೂಡ್ತದ. ಅದಕ್ಕ ಮೂರ್ ಸುತ್ತು ದಾರ ಹಾಯಿಸಿ, ಬಾಲ ಉದ್ದ ಬಿಟ್ಟು ನಾಕ್ ಕಡಿ ಸಿಗಿಸಿ ಮುಗಿಸ್ತೀನಿ, ಮುಗಿಸಿ ನನ್ನ ಗಲ್ಲಕ್ಕ ಒತ್ತಿ ನೋಡ್ತೀನಿ, ಏನೂ ತಾಗಬಾರ್ದು.

ಮ್ಯಾಲ ಗೊಂಡೆ ಬೇಕನ್ನೋರು ಅದನ್ನ ನೆತ್ತಿ ಮುಚ್ಚಿದ ದಾರಕ್ಕ ಕಟ್ಟಬ್ಯಾಡ್ರಿ. ಹುಡುಗ್ರು ಗೊಂಡೆ ಹಿಡದೇ ಟೋಪಿ ಜಗ್ತಾವ, ಜಗ್ಗಿದಾಗೆಲ್ಲ ನೆತ್ತಿ ಸಡಲ್ತದ. ಬ್ಯಾರೆ ದಾರ ತಗೊಂಡು ಒಳಗಿನ ಉಂಗುರದ ಎರಡೂ ಬದಿಗಿ ಹಾಯಿಸಿ ಕಟ್ರಿ, ಗೊಂಡೆ ಹರದ್ರ ಗೊಂಡೆ ಅಷ್ಟೇ ಹೋಗ್ತದ. ವರ್ಷ ತುಂಬದ ಕೂಸಿಗಿ ಗೊಂಡೆ ಬ್ಯಾಡ, ಕಿತ್ತು ಬಾಯಾಗ ಇಟ್ಕೋತದ.

ಆ ಹುಡುಗಿ ಟೋಪಿ ಏನ್ ಮಾಡಿದೆ ಅಂದ್ರ, ನಾಕ್ ಕುಣಿಕಿ ಜಾರಿದ್ವು, ಮೊದಲ ಎಲ್ಲಾದಕ್ಕೂ ಸೇಫ್ಟಿ ಪಿನ್ ಹಾಕಿ ಮುಂದ ಇಳೀದಂಗ ತಡದೆ. ನಿಮಗೂ ಹಂಗ ಆದ್ರ ಮೊದಲ ಪಿನ್, ಆಮ್ಯಾಲ ಬಾಕಿದು. ತುದಿಗಿ ಕೊಕ್ಕಿ ಇರೋ ಕ್ರೋಶಾ ಕಡ್ಡಿಲಿಂದ ಏಣಿ ಮೆಟ್ಟಲಿನಂಗ ಕಾಣೋ ಒಂದೊಂದ್ ಎಳಿನ ಕುಣಿಕಿ ಒಳಗ ಜಗ್ಗಿ ಜಗ್ಗಿ ಮ್ಯಾಲ ತಂದೆ, ಹಳೀ ಬಾಲ ಗಿಡ್ಡ ಇತ್ತು, ಅದಕ್ಕ ಹೊಸ ಕೆಂಪು ದಾರ ಒಂದ್ ಮೊಳ ತಗೊಂಡು ಎರಡ್ ಸುತ್ತು ಹಾಯಿಸಿ ಎರಡೂ ತುದಿ ಒಳಗ ಸಿಗಿಸಿದೆ, ಗಿಡ್ಡ ಬಾಲನೂ ಅದರ ಜೋಡಿನೇ ಸೇರಿಸಿದೆ. ಉಗುರುಬೆಚ್ಚನ ನೀರಿನಾಗ ಅದ್ದಿ, ಹಿಂಡದೇ ಟವೆಲ್‌ನಾಗ ಸುತ್ತಿ ಒತ್ತಿ, ಅಂಗಳದಾಗ ಒಂದ್ ಸಣ್ಣ ತಂಬಿಗಿ ಬೋರಲ ಹಾಕಿ ಅದರ ಮ್ಯಾಲ ಒಣಗಲಾಕ ಇಟ್ಟೀವಿ, ಸಂಜಿಗಿ ಆಕಿ ಬಂದು ನೆತ್ತಿಗಿ ಬೆರಳು ಹಾಕಿ ಹಾಕಿ ನೋಡಿ ಹಾಕ್ಕೊಂಡು ಹೋದ್ಳು.