ನೆಲ್ಲು ಹುಲ್ಲಿನಿಂದ ಸಕ್ಕರೆ ತೆಗೆದದ್ದು: ನನ್ನ ಅನುಭವ

ಗಂಗಾವತಿ ಕಡೆ ಕಟಾವು ಮುಗಿದರೆ ಗದ್ದೆಗಳಲ್ಲಿ ಹೊಗೆ ಶುರು. ಮಷೀನು ಚೆಲ್ಲಿ ಹೋದ ಹುಲ್ಲನ್ನು ಕೂಡಿಸಲು ಆಳು ಸಿಗುವುದಿಲ್ಲ, ಎರಡನೇ ಬೆಳೆಗೆ ಗದ್ದೆ ಖಾಲಿ ಆಗಬೇಕು. ರೈತರನ್ನು ಬೈದರೆ ಏನು ಬಂತು? ಆದರೆ ಆ ಹುಲ್ಲಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಸೆಲ್ಯುಲೋಸ್. ಅಂದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಗ್ಲೂಕೋಸ್. ಅದನ್ನು ಬಿಡಿಸಲು ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಜೊತೆ ಕೂತೆ.

ಆ ಕೊಂಡಿ ಕತ್ತರಿಸುವ ಕಿಣ್ವಕ್ಕಾಗಿ ಬಳಸಿದ ಬೂಷ್ಟು ಟ್ರೈಕೋಡರ್ಮಾ ರೀಸಿಯೈ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಡೇರೆಗಳನ್ನು ತಿಂದು ಹಾಕಿದ್ದು ಇದೇ. ನಮ್ಮ ರೈತರು ಬೀಜೋಪಚಾರಕ್ಕೆ ಬಳಸುವ ಟ್ರೈಕೋಡರ್ಮಾ ಇದರ ಬಳಗದ್ದೇ. ಒದ್ದೆ ಗೋಧಿ ಬೂಸಾದ ಮೇಲೆ ಬೆಳೆಸಿದೆವು. ಬಿಳಿ ನೂಲು ಹಬ್ಬಿ, ಮೇಲೆ ಹಸಿರು ಪುಡಿ ಕೂತ ಮೇಲೆ ಸಿಟ್ರೇಟ್ ದ್ರಾವಣದಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ ಸೋಸಿದರೆ ಕಿಣ್ವದ ರಸ ಸಿಗುತ್ತದೆ. ಆ ಹಸಿರು ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಹಾಕಲೇಬೇಕು.

ನಿಜವಾದ ಕೆಲಸ ಇರುವುದು ಹುಲ್ಲಿನಲ್ಲಿ. ಸೆಲ್ಯುಲೋಸ್ ಸುತ್ತ ಲಿಗ್ನಿನ್ ಗಾರೆಯ ಹಾಗೆ ಮೆತ್ತಿಕೊಂಡಿರುತ್ತದೆ, ಸಾಲದ್ದಕ್ಕೆ ಭತ್ತದ ಹುಲ್ಲಿನಲ್ಲಿ ಸಿಲಿಕಾ ಬೇರೆ ಜಾಸ್ತಿ. ಸುಮ್ನೆ ಕತ್ತರಿಸಿ ಕಿಣ್ವ ಸುರಿದರೆ ಅದು ಒಳಗೆ ಹೆಚ್ಚು ಇಳಿಯುವುದಿಲ್ಲ. ಶೇ. 2ರ ಕಾಸ್ಟಿಕ್ ಸೋಡಾದಲ್ಲಿ ಆಟೋಕ್ಲೇವ್ ಮಾಡಿದೆವು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿದೆವು. ಕಪ್ಪು ಕಷಾಯ ಬಸಿದು ಹೋಯಿತು, ಹುಲ್ಲು ಮೆತ್ತಗಾಯಿತು. ಕ್ಷಾರ ಪೂರ್ತಿ ಹೋಗುವವರೆಗೆ ತೊಳೆಯಲು ನೀರು ಮಾತ್ರ ವಿಪರೀತ ಬೇಕು. ಈ ವಿಧಾನದ ದೊಡ್ಡ ತೊಂದರೆ ಇದೇ ಅಂತ ನನಗನ್ನಿಸುತ್ತದೆ.

ಆಮೇಲೆ ಕಿಣ್ವದ ರಸ ಹಾಕಿ 50 ಡಿಗ್ರಿ, ಪಿಎಚ್ 4.8ರಲ್ಲಿ ಇಟ್ಟೆವು. ಸಕ್ಕರೆ ಏರುತ್ತಾ ಹೋಗಿ ನಡುವೆ ನಿಂತುಬಿಟ್ಟಿತು. ಟ್ರೈಕೋಡರ್ಮಾದ ರಸದಲ್ಲಿ ಕೊನೆಯ ಜೋಡಿಯನ್ನು ಬಿಡಿಸುವ ಬೀಟಾ-ಗ್ಲೂಕೋಸಿಡೇಸ್ ಎಂಬ ಕಿಣ್ವ ಕಡಿಮೆ. ಹಾಗಾಗಿ ಎರಡೆರಡು ಗ್ಲೂಕೋಸ್ ಕೂಡಿದ ಸೆಲ್ಲೋಬಯೋಸ್ ಉಳಿದು, ಮುಂದಿನ ಕೆಲಸಕ್ಕೇ ಅಡ್ಡ ಬರುತ್ತದೆ. ಆ ಕಿಣ್ವವನ್ನು ಚೆನ್ನಾಗಿ ಕೊಡುವ ಆಸ್ಪರ್ಜಿಲಸ್ ನೈಜರ್ ಎಂಬ ಇನ್ನೊಂದು ಬೂಷ್ಟಿನ ರಸ ಬೆರೆಸಿದೆವು. ಸಕ್ಕರೆ ಪತ್ತೆ ಮಾಡುವ ಡಿಎನ್‌ಎಸ್ ರಾಸಾಯನಿಕ ಹಾಕಿ ಕುದಿಸಿದಾಗ ಹಳದಿ ಇದ್ದ ಟ್ಯೂಬು ಕಿತ್ತಳೆ ದಾಟಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಹುಡುಗಿಯೊಬ್ಬಳು, 'ಸರ್, ಇದು ನಮ್ಮ ಹೊಲದ ಹುಲ್ಲು ಅಲ್ವಾ?' ಅಂದಳು. ಹೌದು, ಅವಳೇ ತಂದದ್ದು.

ಆ ಪಾಕಕ್ಕೆ ಬೇಕರಿ ಈಸ್ಟ್ ಹಾಕಿದರೆ ಎಥೆನಾಲ್. 1 ಗ್ರಾಂ ಗ್ಲೂಕೋಸಿಗೆ ಲೆಕ್ಕದ ಪ್ರಕಾರ ಹೆಚ್ಚೆಂದರೆ 0.51 ಗ್ರಾಂ, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ಮೊಸರಿನ ಬಳಗದ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ ಹಾಕಿದರೆ ಅದೇ ಗ್ಲೂಕೋಸ್ ಹೆಚ್ಚುಕಡಿಮೆ ಪೂರ್ತಿ ಲ್ಯಾಕ್ಟಿಕ್ ಆಮ್ಲ ಆಗಬಲ್ಲದು, ಅದರಿಂದ ಪಿಎಲ್‌ಎ ಪ್ಲಾಸ್ಟಿಕ್ ಕೂಡ ಮಾಡುತ್ತಾರೆ. ನನ್ನ ಒಲವು ಈಗ ಆ ಕಡೆಗೇ. ಉಳಿದದ್ದು ಝೈಲೋಸ್, ಹುಲ್ಲಿನಲ್ಲಿರುವ ಇನ್ನೊಂದು ಸಕ್ಕರೆ. ಬೇಕರಿ ಈಸ್ಟ್ ಅದನ್ನು ಮುಟ್ಟುವುದಿಲ್ಲ. ಅದನ್ನು ತಿನ್ನುವ ಬೇರೆ ಈಸ್ಟ್‌ಗಳಿವೆ, ಮುಂದಿನ ಬ್ಯಾಚಿಗೆ ಒಂದನ್ನು ತರಿಸುತ್ತಿದ್ದೇವೆ.