ಆಪರೇಟರ್‌ಗಳು ಕೆಲಸ ಬಿಡದೆ ನಿಲ್ಲಬೇಕು ಅಂತ ಭೋಸರಿಯಲ್ಲಿ ನಾನು ಮಾಡಿದ್ದು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಯಾವ ಬ್ಲಾಕಿನಲ್ಲಿ ಓಡಾಡಿದರೂ ಗೇಟಿಗೊಂದು ಬೋರ್ಡು ನೇತಾಡುತ್ತಿರುತ್ತದೆ: ಸಿಎನ್‌ಸಿ ಆಪರೇಟರ್ ಪಾಹಿಜೆ, ವಿಎಂಸಿ ಸೆಟ್ಟರ್ ಪಾಹಿಜೆ. ಪಾಹಿಜೆ ಅಂದ್ರೆ ಮರಾಠಿಯಲ್ಲಿ ಬೇಕಾಗಿದ್ದಾರೆ ಅಂತ. ಸಿಎನ್‌ಸಿ, ವಿಎಂಸಿ ಅಂದ್ರೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ಲೋಹ ಕತ್ತರಿಸುವ ಮಶೀನ್‌ಗಳು; ಓಡಿಸುವವನು ಆಪರೇಟರ್, ಕೆಲಸಕ್ಕೆ ಹೊಂದಿಸಿಕೊಡುವವನು ಸೆಟ್ಟರ್. ಬಂದವರು ನಿಲ್ಲುವುದಿಲ್ಲ, ಹಾಗಾಗಿ ಬೋರ್ಡು ವರ್ಷವಿಡೀ ಕೆಳಗಿಳಿಯುವುದಿಲ್ಲ. ಸಾವಿರ ರೂಪಾಯಿ ಜಾಸ್ತಿ ಸಿಕ್ಕರೆ ಪಕ್ಕದ ಶೆಡ್ಡಿಗೆ, ಸ್ವಲ್ಪ ಕೈ ಪಳಗಿದ ಮೇಲೆ ಚಾಕಣದ ದೊಡ್ಡ ಕಂಪನಿಗೆ. ನನ್ನದೂ ಇಲ್ಲೊಂದು ಸಣ್ಣ ಮಶೀನ್ ಶಾಪ್, ಬೇರೆ ಕಂಪನಿಗಳ ಆರ್ಡರ್ ಹಿಡಿದು ಗಾಡಿಗಳ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕ್. ಇಪ್ಪತ್ತು ಇಪ್ಪತ್ತೈದು ಜನ ಇದ್ದಾರೆ. ಅರ್ಧದಷ್ಟು ವಿಜಯಪುರ, ಕಲಬುರಗಿ, ಜತ್ತ, ಅಕ್ಕಲಕೋಟೆ ಕಡೆಯ ಕನ್ನಡದ ಹುಡುಗರು, ಉಳಿದವರು ಮರಾಠವಾಡಾ ಮತ್ತು ಬಿಹಾರದವರು. ದೊಡ್ಡ ಕಂಪನಿಯ ಪಗಾರ ಕೊಡುವ ಶಕ್ತಿ ನನಗಿಲ್ಲ. ಆದರೂ ನನ್ನಲ್ಲಿ ಹುಡುಗರು ವರ್ಷಗಟ್ಟಲೆ ನಿಂತಿದ್ದಾರೆ.

ಪಗಾರ ಎಷ್ಟು ಅಂತ ಎಲ್ಲರೂ ಮೊದಲ ದಿನವೇ ಕೇಳುತ್ತಾರೆ. ಆದರೆ ಆ ಪಗಾರ ಯಾವತ್ತು ಕೈಗೆ ಬರುತ್ತದೆ, ಊರ ಜಾತ್ರೆಗೆ ರಜೆ ಸಿಗುತ್ತದೋ ಇಲ್ಲವೋ, ಮುಂದಿನ ವಾರ ಹಗಲೋ ರಾತ್ರಿಯೋ, ಇವೆಲ್ಲ ಸೂಪರ್‌ವೈಸರ್ ಬಾಯಲ್ಲಿ ಆಯಾ ದಿನವೇ ತೀರ್ಮಾನ ಆಗುತ್ತಿದ್ದರೆ ಯಾರೂ ಉಳಿಯುವುದಿಲ್ಲ. ಮುಂದೇನು ಅಂತ ಗೊತ್ತಿದ್ದರೆ ಮನುಷ್ಯ ಸಮಾಧಾನದಿಂದ ಇರುತ್ತಾನೆ. ನಾನು ಮಾಡಿದ ಎಲ್ಲದರ ಹಿಂದೆ ಇದೊಂದೇ ಯೋಚನೆ ಇದೆ.

ಮೊದಲು ಪಗಾರದ ತಾರೀಖು. 7ನೇ ತಾರೀಖಿನೊಳಗೆ ಕೊಡಬೇಕು ಅನ್ನೋದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇದೆ. ಆದರೆ ಜಾಬ್ ವರ್ಕ್‌ನಲ್ಲಿ ಪಾರ್ಟಿಯಿಂದ, ಅಂದ್ರೆ ಆರ್ಡರ್ ಕೊಟ್ಟ ಕಂಪನಿಯಿಂದ, ಹಣ ಬರುವುದು ತಡ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ, ಬರುವಾಗ ಬರುತ್ತದೆ, ಅಷ್ಟೇ. ಹಾಗಾಗಿ ಒಂದು ತಿಂಗಳ ಪಗಾರದಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಡುತ್ತಾ ಬಂದೆ. ಟೂಲ್ ತರಲಿಕ್ಕೂ ಅದನ್ನು ಮುಟ್ಟುವುದಿಲ್ಲ. ಹುಡುಗರು ಬಾಡಿಗೆ, ಬೈಕಿನ ಕಂತು, ಊರಿಗೆ ಕಳಿಸುವ ದುಡ್ಡು ಎಲ್ಲವನ್ನೂ 7ಕ್ಕೆ ನಂಬಿಕೊಂಡಿರುತ್ತಾರೆ. ಒಂದು ಸಲ ಅದು 12ಕ್ಕೆ ಹೋದರೆ ಸಾಲದ ಆ್ಯಪ್‌ಗಳ ಕಡೆ ಕೈ ಹೋಗುತ್ತದೆ, ಅಲ್ಲಿಂದ ಆಮೇಲೆ ಹೊರಗೆ ಬರುವುದು ಬಹಳ ಕಷ್ಟ.

ಶಿಫ್ಟ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿನ ಸಣ್ಣ ಶಾಪ್‌ಗಳಲ್ಲಿ 12 ಗಂಟೆಯ ಎರಡು ಶಿಫ್ಟ್ ಮಾಮೂಲಿ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ಮತ್ತೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಮಾಲೀಕರಿಗೆ ಜನ ಕಡಿಮೆ ಸಾಕು, ಹುಡುಗರಿಗೆ ಓಟಿ, ಅಂದ್ರೆ ಹೆಚ್ಚಿನ ಗಂಟೆಗಳ ದುಡ್ಡು, ಸಿಗುತ್ತದೆ. ನನ್ನಲ್ಲೂ ಹಾಗೇ ಇತ್ತು. ಕೆಟ್ಟ ಪೀಸ್‌ಗಳನ್ನು ಬರೆದಿಡುವ ರಿಜೆಕ್ಷನ್ ರಿಜಿಸ್ಟರ್ ತೆಗೆದು ಯಾವ ಹೊತ್ತಿನಲ್ಲಿ ಎಷ್ಟು ಅಂತ ಗುರುತು ಹಾಕುತ್ತಾ ಹೋದೆ. ಬೆಳಗಿನ ಜಾವ ಮೂರರಿಂದ ಐದರ ನಡುವೆ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಬದಲಿಸುವುದು ಮರೆತದ್ದು, ಆಫ್‌ಸೆಟ್ (ಮಶೀನಿಗೆ ಕೊಡುವ ಟೂಲಿನ ಅಳತೆ) ತಪ್ಪು ಕೊಟ್ಟದ್ದು, ಪೀಸ್ ಸರಿಯಾಗಿ ಕೂರದೆ ಟೂಲ್ ಮುರಿದದ್ದು, ಬಹುಪಾಲು ಅಲ್ಲೇ ಇತ್ತು. ಎಂಟು ಗಂಟೆಯ ಶಿಫ್ಟ್ ಮಾಡೋಣ ಅಂದಾಗ ಮೊದಲು ಬೇಡ ಅಂದವರು ಹುಡುಗರೇ, ಯಾಕಂದ್ರೆ ಓಟಿ ಹೋದರೆ ಕೈಗೆ ಬರುವ ದುಡ್ಡು ಇಳಿಯುತ್ತದೆ. ಅವರ ಮಾತು ನ್ಯಾಯವಾದದ್ದೇ. ಮೂಲ ಪಗಾರ ಏರಿಸಿದೆ, ಓಟಿಯನ್ನು ಬೇಕಾದವರಿಗೆ ಮಾತ್ರ, ವಾರಕ್ಕೆ ಇಷ್ಟೇ ಅಂತ ಇಟ್ಟೆ, ಅದಕ್ಕೆ ಡಬಲ್ ದರ. ಡಬಲ್ ಕೊಡಬೇಕು ಅನ್ನೋದು 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಿಂದಲೂ ಇದೆ, ಆದರೆ ಎಷ್ಟೋ ಹುಡುಗರು ಅದನ್ನು ಕೇಳಿಯೇ ಇರಲಿಲ್ಲ. ರಾತ್ರಿ ಪಾಳಿಯಲ್ಲಿ ಎಲ್ಲಾ ಮಶೀನ್‌ಗಳನ್ನೂ ಓಡಿಸುವುದನ್ನು ಬಿಟ್ಟು ಕೆಲವನ್ನಷ್ಟೇ ಓಡಿಸಿದೆ. ಲೆಕ್ಕದಲ್ಲಿ ಪೀಸ್ ಕಡಿಮೆ ಆಯಿತು, ಆದರೆ ಪಾರ್ಟಿಯಿಂದ ವಾಪಸ್ ಬರುವ ಮಾಲು ಮತ್ತು ಅದಕ್ಕೆ ನಮ್ಮ ಹಣ ಕಡಿಯುವ ಡೆಬಿಟ್ ನೋಟ್ ಕಡಿಮೆಯಾದವು. ಒಬ್ಬ ಆಪರೇಟರ್ ಬಿಟ್ಟು ಹೋದರೆ ಹೊಸಬನಿಗೆ ಕಲಿಸಲು ಸೆಟ್ಟರ್ ವಾರಗಟ್ಟಲೆ ಅವನ ಹಿಂದೆ ನಿಲ್ಲಬೇಕು, ಆ ಖರ್ಚನ್ನೂ ಸೇರಿಸಿ ನೋಡಿದರೆ ನನಗೆ ಇದು ಖಂಡಿತ ನಷ್ಟದ ಬಾಬತ್ತಲ್ಲ.

ಇನ್ನೊಂದು ಸಣ್ಣ ವಿಷಯ, ಇದನ್ನು ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ದಿಘಿ ರೋಡ್, ಲಾಂಡೇವಾಡಿ ಕಡೆ ನಾಲ್ಕೈದು ಜನ ಸೇರಿ ಒಂದು ರೂಮ್ ಮಾಡಿಕೊಂಡಿರುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಿದರೆ, ಹಗಲು ಮನೆಯಲ್ಲಿರುವವನು ಕುಕ್ಕರ್ ಇಡುತ್ತಾನೆ, ಫೋನಲ್ಲಿ ಮಾತಾಡುತ್ತಾನೆ. ನಿದ್ದೆ ಹೇಗೆ ಬಂದೀತು? ಹಾಗಾಗಿ ಒಂದೇ ರೂಮಿನವರಿಗೆ ಒಂದೇ ಶಿಫ್ಟ್ ಹಾಕುತ್ತೇನೆ. ಪಟ್ಟಿ ಮಾಡುವಾಗ ಹೆಸರಿನ ಮುಂದೆ ರೂಮನ್ನೂ ಬರೆದುಕೊಂಡರೆ ಆಯಿತು. ಒಂದು ಪೈಸೆ ಖರ್ಚಿಲ್ಲ. ಹುಡುಗರ ಮುಖ ನೋಡಿದರೇ ಗೊತ್ತಾಗುತ್ತದೆ, ಎಷ್ಟು ವ್ಯತ್ಯಾಸ ಅಂತ.

ನಮ್ಮ ಕಡೆ ಕಾರ್ಖಾನೆಗಳ ವಾರದ ರಜೆ ಗುರುವಾರ, ಕರೆಂಟ್ ರಿಪೇರಿಯ ದಿನವೂ ಅದೇ. ಮಕ್ಕಳಿಗೆ ಶಾಲೆ ರಜೆ ಭಾನುವಾರ. ಅಪ್ಪ ಮನೆಯಲ್ಲಿದ್ದಾಗ ಮಕ್ಕಳಿಲ್ಲ, ಮಕ್ಕಳಿದ್ದಾಗ ಅಪ್ಪ ಇಲ್ಲ. ಹೆಂಡತಿ ಮಕ್ಕಳನ್ನು ಕರೆತಂದವರಿಗೆ ತಿಂಗಳಿಗೊಂದು ಭಾನುವಾರ ಸರದಿಯಂತೆ ಕೊಡುತ್ತೇನೆ, ಆ ದಿನದ ಕೆಲಸವನ್ನು ರೂಮಿನಲ್ಲಿರುವ ಹುಡುಗರು ನೋಡಿಕೊಳ್ಳುತ್ತಾರೆ.

ರಜೆಯದೇ ದೊಡ್ಡ ಕಥೆ. “ಅಣ್ಣಾರ, ಪಂಚಮಿಗೆ ರಜಾ ಸಿಗತೈತೇನ್ರಿ?” ಅಂತ ಹುಡುಗ ಹಿಂದಿನ ವಾರ ಬಂದು ಕೇಳಿದರೆ, ಇಲ್ಲ ಅನ್ನಬೇಕಾಗುತ್ತದೆ. ಅವನು ಹೇಗೂ ಹೋಗುತ್ತಾನೆ, ಬೈಸಿಕೊಳ್ಳಲು ಇಷ್ಟವಿಲ್ಲದೆ ವಾಪಸ್ ಬರುವುದಿಲ್ಲ. ನಾನು ನೋಡಿದ ಹಾಗೆ ಜನ ಕಳೆದುಹೋಗುವುದು ಜಾಸ್ತಿ ಇಂಥ ರಜೆಗಳಲ್ಲೇ. ಈಗ ಡಿಸೆಂಬರ್‌ನಲ್ಲೇ ಎಲ್ಲರನ್ನೂ ಕೂರಿಸಿಕೊಂಡು ಕ್ಯಾಲೆಂಡರ್ ಹರಡುತ್ತೇವೆ. ಎಳ್ಳಮಾವಾಸ್ಯೆ ಮತ್ತು ಹೋಳಿ ಆದ ಮೇಲಿನ ಶರಣಬಸವೇಶ್ವರ ಜಾತ್ರೆ ಕಲಬುರಗಿಯವರಿಗೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ವಿಜಯಪುರದವರಿಗೆ, ಆಷಾಢದ ವಾರಿ (ಪಂಢರಪುರದ ಪಾದಯಾತ್ರೆ) ಮತ್ತು ಗಣಪತಿ ಮರಾಠಿ ಹುಡುಗರಿಗೆ, ದೀಪಾವಳಿ ಆದ ಮೇಲೆ ಛಠ್ ಹಬ್ಬ ಬಿಹಾರದವರಿಗೆ. ನಾಗರಪಂಚಮಿಗೆ ಮಾತ್ರ ನಮ್ಮ ಕಡೆಯವರೆಲ್ಲಾ ಒಟ್ಟಿಗೆ ಹೊರಡುತ್ತಾರೆ. ಯಾರು ಯಾರ ಮಶೀನ್ ನೋಡಿಕೊಳ್ಳಬೇಕು ಅನ್ನೋದನ್ನು ಅವರವರೇ ಮಾತಾಡಿಕೊಂಡು ಬರೆಯುತ್ತಾರೆ. 2024ರ ನವೆಂಬರ್‌ನಿಂದ ರೈಲು ಟಿಕೆಟ್ 60 ದಿನ ಮೊದಲಷ್ಟೇ ಸಿಗುವುದು, ಮೊದಲು 120 ದಿನ ಇತ್ತು. ಆ 60ನೇ ದಿನವನ್ನೂ ಗುರುತು ಹಾಕಿಡುತ್ತೇವೆ, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಸಿಕ್ಕವನು ನೆಮ್ಮದಿಯಿಂದ ಊರಿಗೆ ಹೋಗಿ ಸರಿಯಾದ ದಿನಕ್ಕೆ ಬರುತ್ತಾನೆ.

ಇಎಸ್‌ಐ (ಕಾಯಿಲೆಗೆ ಸರ್ಕಾರಿ ವಿಮೆ), ಗ್ರಾಚ್ಯುಟಿ (ಐದು ವರ್ಷ ತುಂಬಿದವನು ಕೆಲಸ ಬಿಡುವಾಗ ಮಾಲೀಕ ಕೊಡಬೇಕಾದ ಇಡುಗಂಟು) ಬಗ್ಗೆ ಹುಡುಗರಿಗೆ ಯಾರೂ ಕೂತು ಹೇಳುವುದಿಲ್ಲ. ಇಎಸ್‌ಐ ಪಗಾರದಲ್ಲಿ ಕಟ್ ಆಗುತ್ತದೆ ಅನ್ನೋದಷ್ಟೇ ಗೊತ್ತು. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವನಿಂದ ಇಎಸ್‌ಐಗೆ ಹೋಗುವುದು ನೂರಕ್ಕೆ 75 ಪೈಸೆ, ನಾವು ಹಾಕುವುದು 3 ರೂಪಾಯಿ 25 ಪೈಸೆ. ಅದರಲ್ಲಿ ಮನೆಯವರಿಗೂ ಔಷಧಿ ಇದೆ. ಕಾಯಿಲೆ ಬಿದ್ದು ಮನೆಯಲ್ಲಿದ್ದರೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇಕಡಾ 70ರಷ್ಟು ಸಿಗುತ್ತದೆ. ಗ್ರಾಚ್ಯುಟಿಯನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಮೂಲ ಪಗಾರ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ಇದ್ದರೆ, 26ರಿಂದ ಭಾಗಿಸಿ 15ರಿಂದ ಗುಣಿಸಿ, ವರ್ಷಕ್ಕೆ ಸುಮಾರು 8,650. ಐದು ವರ್ಷ ಆದಾಗ 43,000 ದಾಟುತ್ತದೆ. ನಾಲ್ಕು ವರ್ಷ ತುಂಬಿದ ಹುಡುಗನಿಗೆ ಸಾವಿರ ರೂಪಾಯಿಯ ಆಸೆಗೆ ಹೊರಡುವ ಮುಂಚೆ ಈ ಲೆಕ್ಕ ಗೊತ್ತಿರಬೇಕು, ಅಲ್ವಾ?

ಮನಸ್ಸಿನ ವಿಷಯ ಮಾತಾಡಲು ನಮ್ಮ ಹುಡುಗರಿಗೆ ನಾಚಿಕೆ. ಮಾಲೀಕನ ಹತ್ತಿರ ಅಂತೂ ಹೇಳುವುದೇ ಇಲ್ಲ, ಹೇಳಲಿ ಅಂತ ಕಾಯುವುದೂ ಸರಿಯಲ್ಲ. ನೀರಿನ ಫಿಲ್ಟರ್ ಪಕ್ಕ 14416 ಅಂತ ದೊಡ್ಡದಾಗಿ ಬರೆಸಿದ್ದೇನೆ. ಅದು ಟೆಲಿ ಮಾನಸ್, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಯಾರು ಮಾಡಿದರು ಅಂತ ನಾನು ಕೇಳುವುದಿಲ್ಲ. ಯಾರಾದರೂ ಊಟದ ಡಬ್ಬಿ ಬಿಚ್ಚದೆ ಕೂತಿದ್ದರೆ ನನಗೆ ತಿಳಿಸು, ಗದರಿಸಬೇಡ ಅಂತ ಸೂಪರ್‌ವೈಸರ್‌ಗೆ ಹೇಳಿಟ್ಟಿದ್ದೇನೆ.

ಕಲಿಸಿದರೆ ಓಡಿಹೋಗುತ್ತಾರೆ ಅಂತ ಅಕ್ಕಪಕ್ಕದ ಶಾಪ್‌ನವರು ಹೇಳುತ್ತಾರೆ. ಕೆಲವರು ಹೋಗಿದ್ದಾರೆ, ನಿಜ. ಆದರೆ ಆಪರೇಟರ್‌ನಿಂದ ಸೆಟ್ಟರ್, ಸೆಟ್ಟರ್‌ನಿಂದ ಪ್ರೋಗ್ರಾಮರ್ ಆಗಲು ಏನೇನು ಬರಬೇಕು, ಆಗ ಪಗಾರ ಎಷ್ಟಾಗುತ್ತದೆ ಅಂತ ಗೋಡೆಯ ಮೇಲೆ ಬರೆದ ಮೇಲೆ ನಿಂತವರೇ ಜಾಸ್ತಿ. ಚಾಕಣಕ್ಕೆ ಹೊರಟವನ ಲೆಕ್ಕ ಅದೇ ವಾರ ಚುಕ್ತಾ ಮಾಡುತ್ತೇನೆ, ಪಿಎಫ್ ಕಾಗದ ಪತ್ರಕ್ಕೆ ಅಲೆಸುವುದಿಲ್ಲ. ಅಂಥವರಲ್ಲಿ ಕೆಲವರು ವಾಪಸ್ ಬಂದಿದ್ದಾರೆ, ಬಂದವರು ತಮ್ಮ ತಮ್ಮಂದಿರನ್ನೂ ಕರೆತಂದಿದ್ದಾರೆ.

ಇದೆಲ್ಲದಕ್ಕೂ ಪಾರ್ಟಿ ಒಪ್ಪಬೇಕಲ್ಲ ಅಂತ ಕೇಳುತ್ತಾರೆ. ಪಂಚಮಿ ವಾರದಲ್ಲಿ ಮಾಲು ಕಡಿಮೆ ಬರುತ್ತದೆ ಅಂತ ನಾನು ಪಾರ್ಟಿಯ ಪರ್ಚೇಸ್ ವಿಭಾಗದವರಿಗೆ ವರ್ಷದ ಶುರುವಿಗೇ ಬರೆದು ಕಳಿಸುತ್ತೇನೆ. ಹಿಂದಿನ ಎರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಗೆ ಮಾಡಿ ಸ್ಟಾಕ್ ಇಡುತ್ತೇವೆ. ಮೊದಲ ವರ್ಷ ಗೊಣಗಿದರು. ಈಗ ಅವರೇ ಜೂನ್‌ನಲ್ಲಿ ಫೋನ್ ಮಾಡಿ, ಈ ಸಲ ಪಂಚಮಿ ಯಾವಾಗ ಅಂತ ಕೇಳಿ ಶೆಡ್ಯೂಲ್ ಹಾಕುತ್ತಾರೆ.